ಕೊರಳು ಬಗ್ಗಿಸಿ ನಿಂತವನು

೧೯೮೩ರ ಡಿಸೆಂಬರಿನಲ್ಲಿ ರಾಯಚೂರಿನ ಮೈದಾನದಲ್ಲಿ ಅವನ ಹಾಕಿ ಮುಗಿಯಿತು. ಮಾನ್ವಿಯಲ್ಲಿ ಅದನ್ನು ದುರದೃಷ್ಟ ಎನ್ನುತ್ತಾರೆ. ಮೊಣಕಾಲು ನೋವಿತ್ತು ಎನ್ನುವವರಿದ್ದಾರೆ, ಮೇಲಿನವರ ರಾಜಕೀಯ ಎನ್ನುವವರೂ ಇದ್ದಾರೆ. ಎರಡೂ ಸುಳ್ಳು. ಆ ದಿನ ಎದುರಾಳಿ ತಂಡದಲ್ಲಿ ನಾನೇ ಇದ್ದೆ.

ಅದಕ್ಕೂ ಮೊದಲು ಮೂರು ವರ್ಷ ಮಾನ್ವಿಯ ತಂಡದಲ್ಲಿ ಅವನ ಬೆನ್ನ ಹಿಂದೆ ಆಡಿದ್ದೆ. ಅವನು ಸೆಂಟರ್ ಫಾರ್ವರ್ಡ್, ನಾನು ಹಾಫ್. ಅವನ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಬಿರುಕು ಬಿಟ್ಟ ಎರೆ ನೆಲದಲ್ಲೂ ಚೆಂಡು ಅವನ ಸ್ಟಿಕ್ಕಿಗೆ ಅಂಟಿಕೊಂಡೇ ಹೋಗುತ್ತಿತ್ತು. ಆದರೆ ಯಾರಾದರೂ ಅದನ್ನು ಕಸಿದರೆ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದ.

“ಲೇ, ಹೋಗಿ ತಗೊಂಬಾರಲೇ” ಎಂದು ನನಗೆ ಕೂಗುತ್ತಿದ್ದ, ಹೋಟೆಲಿನಲ್ಲಿ ಚಹಾ ಹೇಳಿದ ಹಾಗೆ. ನಾನು ಓಡುತ್ತಿದ್ದೆ. ಚೆಂಡು ತಂದು ಕೊಡುತ್ತಿದ್ದೆ. ಗೋಲು ಅವನದಾಗುತ್ತಿತ್ತು.

ತಂಡವನ್ನು ಸಾಕುತ್ತಿದ್ದವರು ಅಕ್ಕಿ ಗಿರಣಿಯ ಸಾವ್ಕಾರರು. ಅವರದೊಂದು ಪದ್ಧತಿಯಿತ್ತು. ಅವನು ಗೋಲು ಹೊಡೆದ ಕೂಡಲೇ ಆಟ ನಿಲ್ಲಬೇಕು. ಅವನು ಮೈದಾನದಂಚಿನ ಗೆರೆಯ ಹತ್ತಿರ ನಡೆದು ಬಂದು ಕೊರಳು ಬಗ್ಗಿಸಬೇಕು. ಸಾವ್ಕಾರರು ಹಾರ ಹಾಕಿ ಸೋಡಾ ಕುಡಿಸಿ ಬೆನ್ನು ತಟ್ಟುವವರೆಗೆ ಇಪ್ಪತ್ತೊಂದು ಜನ ಬಿಸಿಲಲ್ಲಿ ಕಾಯಬೇಕು. ಪಂದ್ಯಾವಳಿಯ ಖರ್ಚು ಅವರದು, ಹಾಗಾಗಿ ಅಂಪೈರ್ ಕೂಡ ಕಾಯುತ್ತಿದ್ದ. ದೇವದುರ್ಗದ ಫೈನಲ್ಲಿನಲ್ಲಿ ಹೊಸ ಅಂಪೈರ್ ಒಬ್ಬ ತಿಳಿಯದೆ ಸೀಟಿ ಊದಿದ.

“ಏ ಮಾಸ್ತರ, ಬಾಯಾಗಿಂದ ಸೀಟಿ ತಗೀರಿ. ಹಾರ ಮುಗೀಲಿ!” ಎಂದರು ಸಾವ್ಕಾರರು. ಜನ ಬಿದ್ದು ಬಿದ್ದು ನಕ್ಕರು. ಅಂಪೈರ್ ಸೀಟಿ ತೆಗೆದ.

ಆ ಸಂಜೆ ನಾನು ಧೈರ್ಯ ಮಾಡಿ, “ಸಾವ್ಕಾರ್ರ, ಚೆಂಡು ಹೋದಾಗ ಅಂವನೂ ಒಂದಿಷ್ಟು ಹಿಂದಕ್ಕ ಓಡಿ ಬರ್ಬೇಕ್ರಿ” ಎಂದೆ.

“ಓಡಾಕ ನೀ ಅದೀಯಲ್ಲ! ಮದುಮಗನ ಕೈಲೆ ನೀರು ಹೊರಸ್ತಾರೇನಲೇ?”

ಪಕ್ಕದಲ್ಲಿ ಕೂತಿದ್ದ ಮದುಮಗ ಮಂಡಾಳು ತಿನ್ನುತ್ತಾ ನಕ್ಕ.

ಪಂದ್ಯದ ತಾರೀಕು, ಎದುರಾಳಿ, ಗೋಲು ಬರೆದಿಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಆ ರಾತ್ರಿ ಇನ್ನೊಂದು ಕಲಂ ಹಾಕಿದೆ: ಚೆಂಡಿನ ಹಿಂದೆ ಅವನು ನಡುಗೆರೆ ದಾಟಿ ಓಡಿಬಂದದ್ದು. ಬೇಸಿಗೆ ಬಂದರೂ ಅದರಲ್ಲಿ ಒಂದು ಗೀಟು ಬೀಳಲಿಲ್ಲ. ಸಿಟ್ಟಿನಿಂದ ಆ ಕಲಮನ್ನೇ ಹೊಡೆದುಹಾಕಿದೆ.

ಎಂಬತ್ತಮೂರರ ಮಳೆಗಾಲದಲ್ಲಿ ಒಂದು ದೊಡ್ಡ ಇಲಾಖೆಯ ತಂಡ ಅವನನ್ನು ಕರೆದೊಯ್ದಿತು. ಆರು ತಿಂಗಳು ತಾತ್ಕಾಲಿಕ, ಆಟ ಒಪ್ಪಿಗೆಯಾದರೆ ನೌಕರಿ ಕಾಯಂ. ಸಾವ್ಕಾರರು ಅವನನ್ನು ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಊರೆಲ್ಲ ಮೆರೆಸಿದರು. ನಾನು ಕಾಲೇಜಿಗೆಂದು ರಾಯಚೂರಿಗೆ ಬಂದು ಅಲ್ಲಿನ ತಂಡ ಸೇರಿದೆ.

ಡಿಸೆಂಬರಿನಲ್ಲಿ ಅವನ ಇಲಾಖೆಯ ತಂಡ ನಮ್ಮೊಂದಿಗೆ ಆಡಲು ಬಂತು. ಅವರ ಮ್ಯಾನೇಜರ್ ಹುಬ್ಬಳ್ಳಿ ಕಡೆಯವರು. ಹಿಂದಿನ ದಿನ ಚಹಾ ಕುಡಿಯುತ್ತಾ ನಮ್ಮ ನಾಯಕನಿಗೆ ಹೇಳಿದರು: “ಗೋಲು ಹೊಡಿತಾನ್ರೀ. ಆಮ್ಯಾಲೆ ಎಲ್ಲಿ ಅದಾನ ಅಂತ ಹುಡುಕಬೇಕು. ನಾಳೆ ಕಡೀ ಸಲ ನೋಡ್ತೀನಿ. ಇಡೋದೋ ಕಳಿಸೋದೋ, ನಾಳೆನ ಬರೀತೀನಿ.”

ಮರುದಿನ ಮಾನ್ವಿಯಿಂದ ಲಾರಿ ತುಂಬ ಜನ ಬಂದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅವನು ನನ್ನನ್ನು ದಾಟಿ ಗೋಲು ಹೊಡೆದ. ಸೊಗಸಾದ ಗೋಲು, ನೋಡಿ ನನ್ನ ಹೊಟ್ಟೆ ಉರಿಯಿತು.

ಗೆರೆಯ ಬಳಿ ಸಾವ್ಕಾರರು ಗುಲಾಬಿ ಹಾರ ಹಿಡಿದು ನಿಂತಿದ್ದರು. “ಬಾರೋ ನನ್ನ ಹುಲಿ!”

“ಏಯ್, ನಿನ್ನ ಜಾಗಕ್ಕ ಬಾ!” ಎಂದು ಅವನ ನಾಯಕ ಕಿರುಚಿದ. ಅವನು ಒಮ್ಮೆ ನಾಯಕನನ್ನು ನೋಡಿದ, ಒಮ್ಮೆ ಹಾರ ನೋಡಿದ. ಹಾರದ ಕಡೆ ನಡೆದ.

ಆದರೆ ಈ ಅಂಪೈರ್ ಸಾವ್ಕಾರರ ಮನೆಯಲ್ಲಿ ಉಂಡವನಲ್ಲ. ಸೀಟಿ ಊದಿದ. ನಡುಗೆರೆಯಿಂದ ಚೆಂಡು ನನಗೆ ಬಂತು. ಅವನು ನಿಲ್ಲಬೇಕಿದ್ದ ಜಾಗ ಖಾಲಿಯಿತ್ತು. ಆಚೆ ಅವನ ಬಗ್ಗಿದ ಕೊರಳು ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಆ ಖಾಲಿ ಜಾಗದೊಳಗಿಂದಲೇ ನುಗ್ಗಿದೆ. ಅವರ ಹಾಫ್ ನನ್ನತ್ತ ಬಂದೊಡನೆ ಚೆಂಡನ್ನು ಬಲಕ್ಕೆ ತಳ್ಳಿದೆ. ನಮ್ಮವನು ಗೋಲು ಹೊಡೆದ. ಜನ ಕೂಗಿದರು. ಆ ಕೂಗು ತನಗೇ ಎಂದುಕೊಂಡು ಅವನು ಹಾರದ ಸಮೇತ ತಿರುಗಿ ಕೈ ಎತ್ತಿದ.

ಮ್ಯಾನೇಜರ್ ಅವನನ್ನು ಆಗಲೇ ಹೊರಗೆ ಕೂರಿಸಿದರು. ಪಂದ್ಯದ ನಂತರ ಸಾವ್ಕಾರರು ಅವರ ಬಳಿ ಹೋಗಿ, “ನಮ್ಮ ಹುಡುಗನ ಕೈ ನೋಡಿದ್ರಿಲ್ರೀ?” ಎಂದರು.

“ಕೈ ಭೇಷ್ ಅದಾವ. ಕಾಲು ಮಾನ್ವ್ಯಾಗ ಇಟಗೊಂಡು ಕಳಿಸೀರಿ. ಉಳಿದಿದ್ದನ್ನೂ ಒಯ್ಯಿರಿ.”

ನಾನು ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದಾಗ ಅವನು ಬಂದ. ಕಣ್ಣು ಕೆಂಪಾಗಿದ್ದವು. “ನಾ ಹಾರ ಹಾಕಿಸ್ಕೊಳ್ಳೋದು ನಿನಗ ಗೊತ್ತಿತ್ತು. ಒಂದ್ ಚಣ ನಿಂತಿದ್ರ ನಿನ್ನ ಗಂಟೇನು ಹೋಗ್ತಿತ್ತಲೇ?”

“ಮೂರು ವರ್ಷ ನಿನ್ನ ಸಲುವಾಗಿ ಓಡೀನಿ. ಇವತ್ತು ನನ್ನ ಸಲುವಾಗಿ ಓಡಿದೆ” ಎಂದೆ. ಈಗಲೂ ಅದೇ ಹೇಳುತ್ತೇನೆ.

ಮರುವರ್ಷ ದೇವದುರ್ಗದ ಪಂದ್ಯಾವಳಿಗೆ ನೋಡಲೆಂದು ಹೋಗಿದ್ದೆ. ಸಾವ್ಕಾರರಿಗೆ ಜಾಲಹಳ್ಳಿಯಿಂದ ಹೊಸ ಫಾರ್ವರ್ಡ್ ಸಿಕ್ಕಿದ್ದ. ಅವನು ಗೋಲು ಹೊಡೆದ, ಆಟ ನಿಂತಿತು, ಗೆರೆಗೆ ಬಂದು ಕೊರಳು ಬಗ್ಗಿಸಿದ. ಸಾವ್ಕಾರರು ಹಿಂದೆ ನೋಡದೆ ಕೈ ಚಾಚಿದರು. ಆ ಕೈಗೆ ತಟ್ಟೆಯಿಂದ ಹಾರ ತೆಗೆದುಕೊಟ್ಟವನು ನಮ್ಮ ಹಳೆಯ ಹುಲಿ. ತಟ್ಟೆ ಹಿಡಿದುಕೊಂಡೇ ನನ್ನನ್ನು ಗುರುತಿಸಿದ. ನಾನು ಕೈ ಎತ್ತಲಿಲ್ಲ. ಅಂಪೈರ್ ಸೀಟಿಯನ್ನು ಅಂಗೈಯಲ್ಲಿ ಹಿಡಿದು ಇನ್ನೂ ಕಾಯುತ್ತಿದ್ದ. ನಾನು ಕಾಯದೆ ಬಸ್ ಸ್ಟ್ಯಾಂಡಿನ ಕಡೆ ಹೊರಟೆ.