ಸುಟ್ಟ ಸಕ್ಕರೆಯ ಕಹಿ

ಮುಚ್ಚಳ ಒತ್ತುವ ಯಂತ್ರ ‘ಟಕ್’ ಎಂದಾಗಲೆಲ್ಲ ಕಷಾಯದಾಕೆಗೆ ಒಂದು ಮಾತು ಅಲ್ಲಿಗೆ ಮುಗಿಯಿತು ಅನ್ನಿಸುತ್ತಿತ್ತು. ಒಳಗೆ ಏನೇ ಇರಲಿ, ಮುಚ್ಚಳ ಬಿದ್ದ ಮೇಲೆ ಬಾಟಲಿಗಳೆಲ್ಲ ಒಂದೇ. ಅದೇ ಕಂದು ಗಾಜು, ಅದೇ ಬಿಳಿ ಚೀಟಿ. ಒಂದೇ ಅನ್ನಿಸುವಂತೆ ಮಾಡುವುದೇ ಅವಳ ಹೊಟ್ಟೆಪಾಡು.

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡು, ಸಂಶೋಧನಾ ವಿಭಾಗದ ಸಣ್ಣದೊಂದು ಅಡುಗೆಮನೆ ಇತ್ತು. ಸ್ಟೀಲಿನ ಕಟ್ಟೆ, ಎರಡು ಒಲೆ, ತೂಕದ ಯಂತ್ರ, ಗೋಡೆಗೆ ನೇತುಹಾಕಿದ ಸೌಟುಗಳು. ಕೀಲುವಾತಕ್ಕೆ ಒಂದು ಕಾಡುಬೇರಿನ ಕಷಾಯ ಕೆಲಸ ಮಾಡುತ್ತದೆಯೇ ಎಂದು ಆ ವಿಭಾಗದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಅರ್ಧದಷ್ಟು ರೋಗಿಗಳಿಗೆ ನಿಜವಾದ ಬೇರಿನ ಕಷಾಯ. ಉಳಿದವರಿಗೆ ನೋಡಲು, ಮೂಸಲು, ಕುಡಿಯಲು ಥೇಟ್ ಅದರಂತೆಯೇ ಇರುವ, ಔಷಧದ ಒಂದು ಹನಿಯೂ ಇಲ್ಲದ ಹುಸಿ ಕಷಾಯ. ಯಾರಿಗೆ ಯಾವುದು ಎಂದು ಕುಡಿಯುವವರಿಗೂ ಗೊತ್ತಿರಬಾರದು, ಕೊಡುವ ನರ್ಸಿಗೂ ಗೊತ್ತಿರಬಾರದು. ಗೊತ್ತಾದರೆ, ನೋವು ಇಳಿದದ್ದು ಬೇರಿನಿಂದಲೋ ಬರಿಯ ನಂಬಿಕೆಯಿಂದಲೋ ಎಂದು ಹೇಳುವವರು ಯಾರು? ನಿಜವಾದದ್ದು ಕಂಪನಿಯಿಂದ ಸೀಲಾಗಿ ಬರುತ್ತಿತ್ತು. ಹುಸಿಯನ್ನು ಇವಳು ಕಾಯಿಸುತ್ತಿದ್ದಳು.

ಮಾತ್ರೆಯಾಗಿದ್ದರೆ ಸುಲಭವಿತ್ತು, ಬಿಳಿ ಪುಡಿ ಒತ್ತಿದರೆ ಮುಗಿಯಿತು. ಕಷಾಯ ಹಾಗಲ್ಲ. ಕಣ್ಣನ್ನು ಏಮಾರಿಸಬಹುದು, ಮೂಗನ್ನೂ ಹೇಗೋ ಒಲಿಸಿಕೊಳ್ಳಬಹುದು. ನಾಲಿಗೆ ಮಾತ್ರ ಹಟಮಾರಿ ಅತ್ತೆ. ಮೊದಲು ತಾಗುವ ಕಹಿ ಬೇರೆ, ಗಂಟಲಲ್ಲಿ ಉಳಿಯುವ ಕಹಿ ಬೇರೆ. ಅವಳು ತಿಂಗಳುಗಟ್ಟಲೆ ಚಮಚ ಚಪ್ಪರಿಸಿ, ಬಾಯಿ ಮುಕ್ಕಳಿಸಿ, ಮತ್ತೆ ಚಪ್ಪರಿಸಿ ಆ ಕಹಿಯನ್ನು ಕೂಡಿಸಿದ್ದಳು. ಆ ದಿನಗಳಲ್ಲಿ ಮನೆಯ ಊಟವೂ ಅವಳಿಗೆ ರುಚಿಸುತ್ತಿರಲಿಲ್ಲ.

ಬಾಟಲಿ ತೊಳೆಯುವ ಅಜ್ಜ ದಿನಾ ಬಾಗಿಲಲ್ಲಿ ತಲೆಹಾಕಿ ಕೇಳುತ್ತಿದ್ದ:

“ಏನಮ್ಮಾ, ಇವತ್ತಿನ ಸುಳ್ಳು ಬೆಂತಾ?”

“ಇನ್ನೊಂದು ಕುದಿ ಬರ್ಲಿ ತಾತ. ಅರೆಬೆಂದ ಸುಳ್ಳು ಬೇಗ ಸಿಕ್ಕಿಬೀಳುತ್ತೆ.”

ಕಹಿ ಕೂಡಿತು, ಬಣ್ಣ ಮಾತ್ರ ಕೂಡಲಿಲ್ಲ. ಬೇರಿನ ಕಷಾಯಕ್ಕೆ ಹಳೇ ಮರದ ಕಪ್ಪು. ಇವಳದ್ದು ಚಹಾದ ಹಾಗೆ ತೆಳು. ಒಂದು ಬೆಳಿಗ್ಗೆ ಯೋಚನೆಯನ್ನೇ ಮಾಡದೆ ಅವಳ ಕೈ ಸಕ್ಕರೆ ಡಬ್ಬಿಗೆ ಹೋಯಿತು. ಬಾಣಲೆಯಲ್ಲಿ ಸಕ್ಕರೆ ಕರಗಿ, ಹೊನ್ನಾಗಿ, ಕೆಂಪಾಗಿ, ಸಿಹಿ ಸತ್ತು ಕರಿದಾಗುವವರೆಗೆ ಸುಟ್ಟು, ಮೇಲೆ ನೀರು ಹೊಯ್ದಳು. ಬಣ್ಣ ಬಂತು. ವಿಭಾಗದ ದೊಡ್ಡ ಡಾಕ್ಟರು ಎರಡೂ ಲೋಟಗಳನ್ನು ತಾವೇ ಕುಡಿದು ನೋಡಿದರು, ಹೊರಗಿನವರಿಗೂ ಕುಡಿಸಿ ನೋಡಿದರು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಆ ಸುಟ್ಟ ಸಕ್ಕರೆ ಅಕ್ಕನದು. ಅಮ್ಮ ತೀರಿಕೊಂಡಾಗ ಇವಳಿನ್ನೂ ತೊದಲುತ್ತಿದ್ದಳು, ಅಕ್ಕನಿಗೇ ಇನ್ನೂ ಆಡುವ ವಯಸ್ಸು. ತಂಗಿಗೆ ಕೆಮ್ಮು ಬಂದರೆ ಸಕ್ಕರೆ ಸುಟ್ಟು ಬಿಸಿನೀರಿಗೆ ಹಾಕಿ ಕುಡಿಸುವುದು ಅಕ್ಕ ತಾನೇ ಕಂಡುಕೊಂಡ ವೈದ್ಯ. ವಾಸಿಯಾಗುತ್ತಿತ್ತೋ ಇಲ್ಲವೋ, ಕುಡಿದ ಮೇಲೆ ಅಕ್ಕ ಪಕ್ಕದಲ್ಲಿ ಮಲಗುತ್ತಿದ್ದಳು, ಅಷ್ಟು ಸಾಕಾಗುತ್ತಿತ್ತು. ಮುಂದೆ ಅಕ್ಕ ದರ್ಜಿಯ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯಲು ಕೂತಳು. ಗುಂಡಿ ಹಾಯುವ ಆ ಕಂಡಿಗಳನ್ನು ಅವಳು ಕೈಯಲ್ಲೇ ಕಟ್ಟಿದರೆ ಬಟ್ಟೆ ಹರಿದೀತು, ಕಾಜಾ ಬಿಚ್ಚದು ಎಂದು ದರ್ಜಿಯೇ ಹೇಳುತ್ತಿದ್ದ. ಆ ಸೂಜಿಯ ಮೇಲೆ ತಂಗಿ ಓದಿದಳು, ಆಸ್ಪತ್ರೆಯ ಕೆಲಸ ಹಿಡಿದಳು.

ಅಕ್ಕನ ಬೆರಳ ಗೆಣ್ಣುಗಳು ಊದತೊಡಗಿದಾಗ ದೊಡ್ಡ ಡಾಕ್ಟರೇ ಕರೆತರಲು ಹೇಳಿದರು. ಒಂದೇ ಕಟ್ಟಳೆ: ಪರೀಕ್ಷೆಗೆ ಸೇರಿದವರು ಹಳೆಯ ಮಾತ್ರೆ ಬಿಡಬೇಕು. ಆ ಮಾತ್ರೆ ಹೊಟ್ಟೆ ಉರಿಸುತ್ತಿತ್ತು, ನಿಜ. ಆದರೆ ಬೆರಳು ಮಡಚುವಂತೆ ಮಾಡುತ್ತಿತ್ತು. ಹುಸಿ ಕಷಾಯ ಬಂದರೂ ಬರಬಹುದು ಎಂದು ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದರು. ಅಕ್ಕ ತಂಗಿಯ ಮುಖ ನೋಡಿ, ಇವಳಿರುವ ಕಡೆ ನನಗೇನು ಭಯ ಎಂದು ಸಹಿ ಹಾಕಿದಳು. ಹುಸಿ ಕಾಯಿಸುವುದೇ ಇವಳ ಕೆಲಸ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಮನೆಯವರಿಗೂ ಹೇಳಬಾರದೆಂಬುದು ಅಲ್ಲಿನ ನಿಯಮ.

ಮೊದಲ ಬಾಟಲಿ ತೆಗೆದ ಸಂಜೆ ತಂಗಿ ಎದುರಿಗೇ ಇದ್ದಳು. ಅಕ್ಕ ಕಣ್ಣುಮುಚ್ಚಿ ಒಂದು ಗುಟುಕು ನುಂಗಿ ಮುಖ ಹಿಂಡಿದಳು. ಆಮೇಲೆ ನಿಧಾನವಾಗಿ ಅವಳ ಮುಖ ಅರಳಿತು.

“ಇದು ನೀನೇ ಕಾಯಿಸಿದ್ದು ಕಣೇ. ಸುಟ್ಟ ಸಕ್ಕರೆ ಹಿಂದಿಂದ ಬರುತ್ತೆ. ನನ್ನ ಹತ್ರಾನೇ ಕಲಿತು ನನಗೇ ಕುಡಿಸ್ತೀಯಲ್ಲೇ, ಕಳ್ಳಿ.”

ತಂಗಿಯೂ ನಕ್ಕಳು. ಹೇಗೆ ನಕ್ಕೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆಯೇ ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಎದ್ದು ಬಾಗಿಲು ಮುಂದೆಮಾಡಿ ಬಂದು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

“ಗುಟ್ಟು ಗೊತ್ತಾಯ್ತು ಅಂತ ಬರೆದ್ರೆ ನಿಮ್ಮಕ್ಕನ್ನ ಪರೀಕ್ಷೆಯಿಂದ ತೆಗೀಬೇಕಾಗುತ್ತೆ. ಆಮೇಲೆ ಅವರಿಗೆ ಮತ್ತೆ ಆ ಹೊಟ್ಟೆ ಉರಿಸೋ ಮಾತ್ರೆಯೇ ಗತಿ, ಬೇರಿನ ಕಷಾಯ ಸಿಗೋದೇ ಇಲ್ಲ. ಸುಮ್ನಿರಿ. ಮುಗಿದ ದಿನ ಮೊದಲನೇ ನಿಜವಾದ ಬಾಟಲಿ ಅವರಿಗೇ. ಇದು ನನ್ನ ಮಾತು.”

ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಮನೆಗೆ ತಂದಳು.

ಆಮೇಲಿನದು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಬದುಕು. ಉಗುಳಿದರೆ ಉಂಡ ಮನೆಗೆ ಎರಡು ಬಗೆದಂತೆ, ನುಂಗಿದರೆ ಹೊತ್ತು ಬೆಳೆಸಿದವಳಿಗೆ ಬಗೆದಂತೆ. ಅಕ್ಕ ಮೊದಲು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಳು, ಪಕ್ಕದವರಿಂದ ಪೋಣಿಸಿಕೊಂಡಳು. ಆಮೇಲೆ ಸೂಜಿಯನ್ನೇ ಬಿಟ್ಟಳು. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯತೊಡಗಿದಳು. ಹಾಗೆ ಹಿಡಿದ ಲೋಟದಲ್ಲೇ ಕಷಾಯವನ್ನೂ ಒಂದು ಹೊತ್ತು ತಪ್ಪದೆ ಕುಡಿದಳು. ಬೇರಿನ ಔಷಧಿ ಅಲ್ವಾ, ನಿಧಾನಕ್ಕೇ ಹತ್ತೋದು ಎಂದು ತಂಗಿಗೇ ಸಮಾಧಾನ ಹೇಳಿದಳು. ಹಳೇ ಮಾತ್ರೆ ಮತ್ತೆ ಕೊಡಲೇ ಎಂದು ತಂಗಿ ಡಾಕ್ಟರನ್ನು ಒಮ್ಮೆ ಕೇಳಿದಳು. ಈಗ ಕೊಟ್ಟರೆ ಎಲ್ಲ ನೀರಲ್ಲಿ ಹೋಮ, ದಡ ಕಾಣ್ತಾ ಇದೆ, ಇನ್ನು ಸ್ವಲ್ಪ ಎಂದರು. ಅವಳು ಕಾದಳು.

ಪರೀಕ್ಷೆ ಮುಗಿಯಿತು. ಬೇರು ಕುಡಿದವರ ಊತ ಇಳಿದಿತ್ತು, ಹುಸಿ ಕುಡಿದವರದು ಇಳಿದಿರಲಿಲ್ಲ. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದದ್ದು ಹಿಂದಿನ ಅಡುಗೆಮನೆಯವರೆಗೂ ಕೇಳಿಸಿತು. ಅವಳಿಗೂ ಸಂತೋಷವಾಯಿತು, ಸುಳ್ಳಲ್ಲ. ಮರುದಿನದಿಂದ ಅವಳು ಅಕ್ಕನ ಬಾಟಲಿ ಒಯ್ಯಲೆಂದು ಬಟ್ಟೆಯ ಚೀಲವೊಂದನ್ನು ಮಡಚಿ ತರುತ್ತಿದ್ದಳು, ಸಂಜೆ ಹಾಗೇ ಮಡಚಿ ಒಯ್ಯುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಡಾಕ್ಟರು ತಾವೇ ಬಂದರು. ಕೈಯಲ್ಲಿ ಬಾಟಲಿ ಇತ್ತು, ಆದರೆ ಬೆರಳುದ್ದದ್ದು. ಒಂದು ತೊಗಟೆಯ ಕಷಾಯವಂತೆ, ಯಕೃತ್ತಿಗಂತೆ, ಹೊಸ ಪರೀಕ್ಷೆಯಂತೆ. ಇದರ ಕಹಿಯನ್ನೂ ಅವಳೇ ಕೂಡಿಸಬೇಕಂತೆ. ಅವಳು ಚೀಲವನ್ನು ಕಟ್ಟೆಯ ಮೇಲೆ ಇಟ್ಟು, ಅಕ್ಕನ ಬಾಟಲಿ ಎಲ್ಲಿ ಎಂದು ಕೇಳಿದಳು. ಉಳಿದದ್ದನ್ನೆಲ್ಲ ಕಂಪನಿಯವರು ವಾಪಸು ಒಯ್ದರು, ಅನುಮತಿ ಸಿಕ್ಕಿ ಅಂಗಡಿಗೆ ಬರಲು ವರ್ಷಗಳೇ ಹಿಡಿದಾವು ಎಂದರು ಡಾಕ್ಟರು. ಹವಾಮಾನ ಹೇಳುವವರ ದನಿ.

“ನೀವು ಮಾತು ಕೊಟ್ಟಿದ್ರಿ.”

“ಅವತ್ತು ನೀವು ತುಂಬಾ ಗಾಬರಿಯಾಗಿದ್ರಿ. ಸಮಾಧಾನಕ್ಕೆ ಏನಾದ್ರೂ ಹೇಳ್ಬೇಕಲ್ಲ.”

“ವಾಪಸ್ ಹೋಗುತ್ತೆ ಅಂತ ಅವತ್ತೇ ಗೊತ್ತಿತ್ತಾ ನಿಮಗೆ?”

ಡಾಕ್ಟರು ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಒಪ್ಪಂದ ಶುರುವಿನಿಂದ್ಲೂ ಹಾಗೇ ಇತ್ತು. ನೀವು ಬಾಯಿ ಬಿಟ್ಟಿದ್ರೆ ಇಷ್ಟು ಜನರ ಶ್ರಮ ಹಾಳಾಗ್ತಿತ್ತು. ಒಳ್ಳೇದೇ ಆಯ್ತಲ್ಲ? ಮುಂದೆ ಎಷ್ಟೋ ಜನಕ್ಕೆ ಉಪಯೋಗ.”

ಎಷ್ಟೋ ಜನ. ಅವರಿಗೆಲ್ಲ ಬೆರಳಿರುತ್ತವೆ, ಅವೂ ನೋಯುತ್ತವೆ, ಅವಳಿಗೆ ಗೊತ್ತಿತ್ತು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವಳು ಇಷ್ಟು ದಿನ ನೂರಾರು ಬಾಟಲಿಗಳಿಗೆ ಹುಸಿ ತುಂಬಿದ್ದಳು, ಅದು ಹುಸಿಯೆಂದು ತಿಳಿದೇ ತುಂಬಿದ್ದಳು. ತನಗೂ ಯಾರೋ ಅದನ್ನೇ ಕುಡಿಸುತ್ತಿದ್ದಾರೆಂದು ಅವಳ ನಾಲಿಗೆಗೆ ಗೊತ್ತಾಗಿರಲೇ ಇಲ್ಲ.

ಡಾಕ್ಟರು ಚಮಚಕ್ಕೆ ನಾಲ್ಕು ಹನಿ ಹಾಕಿ ಮುಂದೆ ಹಿಡಿದರು. ಅಭ್ಯಾಸಬಲ, ಬಾಯಿಗೆ ಹಾಕಿಕೊಂಡಳು. ಒಡನೆಯೇ ನಾಲಿಗೆ ತನ್ನಷ್ಟಕ್ಕೆ ತಾನು ಕೆಲಸಕ್ಕೆ ಇಳಿಯಿತು: ಮೊದಲು ಒಗರು, ಆಮೇಲೆ ಕಹಿ, ಕೊನೆಗೊಂದು ಸಣ್ಣ ಹುಳಿ. ಅದಕ್ಕೆ ನಾಚಿಕೆಯೆಂಬುದೇ ಇಲ್ಲವಲ್ಲ ಅನ್ನಿಸಿತು ಅವಳಿಗೆ. ಬಚ್ಚಲಿಗೆ ಉಗಿದು ಬಾಯಿ ಮುಕ್ಕಳಿಸಿದಳು. ಒಲೆ ಆರಿಸಿದಳು. ಮೇಲಂಗಿ ಬಿಚ್ಚಿ ಮೊಳೆಗೆ ಹಾಕಿದಳು.

ಅಕ್ಕನ ಮನೆಯ ಕಪಾಟಿನ ಮೇಲಿನ ಹಲಗೆಯಲ್ಲಿ ಹಳೆಯ ಮಾತ್ರೆಗಳ ತಗಡಿನ ಡಬ್ಬಿ ಇನ್ನೂ ಇತ್ತು. ಅದರ ಮುಚ್ಚಳ ಬಿಗಿ. ಅಕ್ಕನ ಕೈಲಿ ಈಗ ತೆಗೆಯಲಾಗದು. ತಾನೇ ತೆಗೆದುಕೊಡಬೇಕು, ಅದಕ್ಕೂ ಮೊದಲು ಆ ಕಷಾಯ ಬರಿಯ ಹುಸಿಯಾಗಿತ್ತೆಂದು ಅಕ್ಕನಿಗೆ ಹೇಳಬೇಕು.

“ನಿಮ್ಮಂಥ ನಾಲಿಗೆ ನನಗೆಲ್ಲಿ ಸಿಗುತ್ತೆ ಹೇಳಿ,” ಡಾಕ್ಟರು ಬಾಟಲಿಗೆ ಬಿರಡೆ ಹಾಕುತ್ತ ಹೇಳುತ್ತಿದ್ದರು. “ಈ ಸಲ ಬಣ್ಣಕ್ಕೆ ಸಕ್ಕರೆ ಮಾತ್ರ ಬೇಡ, ಬೇರೆ ಏನಾದ್ರೂ ನೋಡೋಣ. ನಿಮಗೇನನ್ಸುತ್ತೆ, ಈ ಒಗರಿಗೆ—”

ಅವಳು ಖಾಲಿ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಆಗಲೇ ಹೊಸ್ತಿಲು ದಾಟಿ, ಒದ್ದೆ ಬಟ್ಟೆಗಳ ಸಾಲಿನ ನಡುವೆ ಅಕ್ಕನ ಬೀದಿಯ ಕಡೆಗೆ ನಡೆದಿದ್ದಳು.