ಬಸವಣ್ಣನ ಹೆಸರಿನ ಅರ್ಧ ಸಂಬಳ

"ಮೇಡಂ, ದೇವರು ಸಂಬಳ ಕಮ್ಮಿ ಕೊಡಬೋದಾ?"

ಹೀಗೆ ಕೇಳಿದವಳು ನಮ್ಮ ಹನುಮಕ್ಕ. ಕೇಳಿದ್ದು ಎಲ್ಲಿ ಅಂತೀರಾ? ಸಂತೇಬೆನ್ನೂರಿನಲ್ಲಿ, ನಮ್ಮ ಬೀದಿಯ ಬಸವಣ್ಣನ ಗುಡಿಗೆ ಸೇರಿದ ಸಮುದಾಯ ಭವನದಲ್ಲಿ. ಅಂದು ಅಲ್ಲಿ ಕನಿಷ್ಠ ವೇತನದ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ. ಬೆಳಿಗ್ಗೆ ಕಸ ಗುಡಿಸಿ, ಕುರ್ಚಿ ಹಾಕಿ, ವೇದಿಕೆಗೆ ಜಮಖಾನ ಹಾಸಿದವಳೂ ಅವಳೇ. ಬಾಗಿಲ ಪಕ್ಕ ಪೊರಕೆ ಹಿಡಿದು ನಿಂತೇ ಭಾಷಣ ಕೇಳುತ್ತಿದ್ದಳು.

ಅಂದು ಕರೆಂಟು ಹೋಗಲಿಲ್ಲ, ಮೈಕು ಕಿರುಚಲಿಲ್ಲ. (ಇಂಥ ಸಣ್ಣಪುಟ್ಟದ್ದಕ್ಕೆಲ್ಲ ನಾನು ದೇವರಿಗೆ ಕೈ ಮುಗಿಯುತ್ತೇನೆ. ಮನೆಯವರು ನಗುತ್ತಾರೆ. ನಗಲಿ.) ಹಾಗಾಗಿ ಹನುಮಕ್ಕನ ಪ್ರಶ್ನೆ ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತು.

ಮುಂದಿನ ಸಾಲಿನಲ್ಲಿದ್ದ ರುದ್ರಪ್ಪಣ್ಣ ಕತ್ತು ತಿರುಗಿಸಿ ನೋಡಿದರು. ಅವರು ನಮ್ಮ ಗುಡಿ ಸಮಿತಿಯ ಅಧ್ಯಕ್ಷರು, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ನಾನೂ ಆ ಸಮಿತಿಯಲ್ಲಿದ್ದೇನೆ. ಒಬ್ಬ ಹೆಂಗಸು ಇರಲಿ ಅಂತ ಈ ವರ್ಷ ಸೇರಿಸಿಕೊಂಡರು. ಕೆಲಸ ಏನು? ಫೋಟೋ ತೆಗೆಯುವಾಗ ಆರತಿ ತಟ್ಟೆ ಹಿಡಿಯುವುದು!

ನಮ್ಮ ಭವನದಲ್ಲಿ ಒಂದು ರೂಢಿ ಇದೆ. ಇಲ್ಲಿ ದುಡಿಯುವವರಿಗೆ ಹೊರಗೆ ಸಿಗುವ ಸಂಬಳದ ಅರ್ಧ ಮಾತ್ರ. ಉಳಿದ ಅರ್ಧ ಬಸವಣ್ಣನ ಸೇವೆ. ಯಾರು ಮಾಡಿದ ರೂಢಿ? ಯಾರಿಗೂ ಗೊತ್ತಿಲ್ಲ. ಆದರೆ ಮದುವೆಗೆ ಭವನ ಕೊಡುವಾಗ "ಅರ್ಧ ಬಾಡಿಗೆ ಕೊಡಿ, ಇನ್ನರ್ಧ ನಮ್ಮ ಸೇವೆ" ಅಂದದ್ದನ್ನು ನಾನಂತೂ ಕೇಳಿಲ್ಲ.

ಹನುಮಕ್ಕ ತಮಾಷೆಗೆ ಕೇಳಿರಲಿಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯವರು ಕ್ಲೀನಿಂಗ್ ಕೆಲಸಕ್ಕೆ ಕರೆದಿದ್ದರು. ಪೂರಾ ಸಂಬಳ. ಬರುತ್ತೀಯೋ ಇಲ್ಲವೋ, ವಾರದೊಳಗೆ ಹೇಳು ಅಂದಿದ್ದರು. ಹೋಗಲು ಅವಳಿಗೆ ಮನಸ್ಸಿಲ್ಲ. ಹಿಂದಿನ ದಿನ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಹೇಳಿದ್ದಳು: "ಬಸ್ಸಿನ ಕುಲುಕಾಟ ಹೆಂಗೋ ತಡ್ಕಬೋದು ಗಿರಿಜಕ್ಕಾರೆ. ಬೆಳಗಾಗೆದ್ದು ಬಸವಣ್ಣನ ಮಕ ನೋಡದಂಗೆ ಹೆಂಗಿರಾಕಾಗ್ತೈತೆ? ಆದ್ರೆ ರುದ್ರಪ್ಪಣ್ಣಾರ ಅಂಗಡೀಲಿ ನಂಗೆ ಎಣ್ಣೆ ಅರ್ಧ ರೇಟಿಗೆ ಕೊಡ್ತಾರಾ, ಹೇಳ್ರಿ."

ಇದಕ್ಕೆ ಉತ್ತರ? ನಿಮ್ಮ ಹತ್ತಿರ ಇದೆಯಾ?

ಭಾಷಣ ಮಾಡಲು ಬಂದಿದ್ದ ವಕೀಲೆ ಮೊದಲು ನಕ್ಕರು. ಹನುಮಕ್ಕ ರೂಢಿಯನ್ನು ವಿವರಿಸಿದ ಮೇಲೆ ನಗು ನಿಲ್ಲಿಸಿ ಮೈಕು ಹತ್ತಿರಕ್ಕೆ ಎಳೆದುಕೊಂಡರು. "ನೋಡಮ್ಮ, ಭವನಕ್ಕೆ ಬಾಡಿಗೆ ತಗೊಂಡು, ನಿನ್ನನ್ನ ಕೆಲಸಕ್ಕಿಟ್ಟುಕೊಂಡ ಮೇಲೆ ಸರ್ಕಾರ ಗೊತ್ತು ಮಾಡಿದ್ದಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ. ದೇವರ ಹೆಸರಲ್ಲೂ ಇಲ್ಲ."

ರುದ್ರಪ್ಪಣ್ಣ ಎದ್ದರು. "ಅಲ್ರೀ ಮೇಡಂ, ಆಕೀನೇ ಒಪ್ಕೊಂಡು ಬಂದಾಳೆ."

"ಒಪ್ಪಿದರೂ ನಡೆಯಲ್ಲ. ಕಮ್ಮಿ ಸಂಬಳಕ್ಕೆ ಮಾಡಿಕೊಂಡ ಒಪ್ಪಂದಕ್ಕೆ ಬೆಲೆಯೇ ಇಲ್ಲ."

"ದೀಪಾವಳಿಗೆ ಸೀರೆ ಕೊಡ್ತೀವಿ. ಮದುವೆ ಇದ್ದಾಗೆಲ್ಲ ಊಟ ಐತೆ. ಹೋಳಿಗೆ ಊಟ!"

"ಕೊಡಿ, ಬೇಡ ಅನ್ನಲ್ಲ. ಆದರೆ ಹೋಳಿಗೆಯನ್ನ ಸಂಬಳದಲ್ಲಿ ಮುರಕೊಳ್ಳೋ ಹಾಗಿಲ್ಲ."

ಭವನದ ತುಂಬ ನಗು. ರುದ್ರಪ್ಪಣ್ಣ ಕೆಟ್ಟವರೇನಲ್ಲ. ಗುಡಿಯ ದುಡ್ಡನ್ನು ತಮ್ಮ ದುಡ್ಡಿಗಿಂತ ಗಟ್ಟಿಯಾಗಿ ಹಿಡಿಯುತ್ತಾರೆ, ಅಷ್ಟೇ. ವಕೀಲೆ ಅವರಿಗೂ ಬೇಕಾದ ಮಾತು ಹೇಳಿದರು: "ಕೊಟ್ಟಿದ್ದಕ್ಕೆ ಲೆಕ್ಕ ಇಡಿ, ಚೀಟಿ ಕೊಡಿ. ಪುರಾವೆ ಇಲ್ಲದಿದ್ದರೆ ಕೊಟ್ಟವರಿಗೂ ಕಷ್ಟ. ತುಟ್ಟಿಭತ್ಯೆ ಏರಿದಾಗ ದರ ಬದಲಾಗುತ್ತೆ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸ್ತಾ ಇರಿ. ವಾರಕ್ಕೊಂದು ರಜೆ ಕೊಡಿ. ಹೆಚ್ಚುವರಿ ಹೊತ್ತು ದುಡಿಸಿದರೆ ಅದಕ್ಕೆ ಡಬಲ್. ಗಂಡಸು ಹೆಂಗಸು ಅಂತ ಭೇದ ಮಾಡಬೇಡಿ. ಹಾಂ, ಇದು ಕನಿಷ್ಠ. ಜಾಸ್ತಿ ಕೊಟ್ಟರೆ ಯಾರೂ ಕೇಸು ಹಾಕಲ್ಲ!"

ಕಾರ್ಯಕ್ರಮ ಮುಗಿಯಿತು. ಟೀ ಬಂತು. ಆಗ ರುದ್ರಪ್ಪಣ್ಣನಿಗೆ ಹೊಸ ದಾರಿ ಹೊಳೆಯಿತು.

"ದೇವರ ದುಡ್ಡಿನ ವಿಷ್ಯ ತೀರ್ಮಾನ ಮಾಡಾಕೆ ನಾವ್ಯಾರು? ಹೂ ಕೇಳಾಣ. ಬಲಕ್ಕೆ ಬಿದ್ರೆ ಪೂರಾ ಸಂಬಳ ಕೊಡಾಣ."

ನಮ್ಮ ಕಡೆ ಗೊತ್ತಲ್ಲ? ಬಸವಣ್ಣನ ಎರಡು ಕೊಂಬಿನ ನಡುವೆ ನೀರಲ್ಲಿ ಅದ್ದಿದ ಹೂವಿಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಸಂಬಂಧ ಕೂಡಿಸುವುದಕ್ಕೂ ಕೇಳುತ್ತೇವೆ, ಬೋರ್‌ವೆಲ್ ಕೊರೆಸುವುದಕ್ಕೂ ಕೇಳುತ್ತೇವೆ. ನನಗೂ ಪೂರ್ತಿ ನಂಬಿಕೆ. ಆದರೆ ಸಂಬಳಕ್ಕೆ?

ಪೂಜಾರಿ ಮಲ್ಲಯ್ಯನವರು ಟೀ ಲೋಟ ಕೆಳಗಿಟ್ಟರು. "ನಾ ಹೂ ಇಡಾಕಿಲ್ಲ ಬಿಡ್ರಿ. ಇವತ್ತು ಆಕೀದು ಕೇಳ್ತೀರಿ, ನಾಳೆ ನನ್ನ ಸಂಬಳಕ್ಕೂ ಕೇಳ್ತೀರಿ!"

ವಕೀಲೆ, "ಹೂ ಎಡಕ್ಕೆ ಬಿದ್ದರೂ ಪೂರಾನೇ ಕೊಡಬೇಕಾಗುತ್ತೆ ಯಜಮಾನ್ರೆ" ಅಂದರು.

ಹನುಮಕ್ಕ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಲೇ ಅಂದಳು: "ಎಡಕ್ಕಾದ್ರೂ ಬೀಳಲಿ, ಬಲಕ್ಕಾದ್ರೂ ಬೀಳಲಿ. ಬಿದ್ದ ಹೂವ ಗುಡಿಸೋಳು ನಾನೇ ತಾನೆ?"

ನಾನೂ ಲೋಟ ಕೆಳಗಿಟ್ಟೆ. ಆರತಿ ತಟ್ಟೆ ಇಲ್ಲದೆ ನಾನು ಬಾಯಿ ತೆರೆದದ್ದು ಅದೇ ಮೊದಲು. "ಅಣ್ಣಾರೆ, ಬರೋ ಮದುವೆಯಿಂದ ಭವನದ ಬಾಡಿಗೆ ಒಂಚೂರು ಏರಿಸಾಣ. ಮದುವೆ ಮನೆಯೋರು ಹೂವಿನ ಡೆಕೋರೇಷನ್ನಿಗೆ ದುಡ್ಡು ಸುರೀತಾರೆ. ನೆಲ ಗುಡಿಸಾಕೆ ಕೊಡಲ್ವಾ?"

ರುದ್ರಪ್ಪಣ್ಣ ಗಡ್ಡ ಕೆರೆದುಕೊಂಡರು. ಬಾಗಿಲಾಚೆ ಗುಡಿಯಲ್ಲಿದ್ದ ಬಸವಣ್ಣನ ಕಡೆ ನೋಡಿದರು. ಬಸವಣ್ಣ ಎಂದಿನಂತೆ ಸುಮ್ಮನೆ ಕೂತಿದ್ದ. "ಆತು ತಂಗಿ, ಪೂರಾ ಕೊಡಾಣ" ಅಂದರು. ಹನುಮಕ್ಕ ಸಂಜೆಯೇ ಆಸ್ಪತ್ರೆಗೆ ಫೋನ್ ಮಾಡಿ ಬರಲ್ಲ ಅಂದಳು.

ವಾರದ ರಜೆಗೆ ಅವಳು ಸೋಮವಾರವನ್ನೇ ಕೇಳಿ ಪಡೆದಳು. ಮೊನ್ನೆ ಮೊದಲ ರಜೆ. ನಾನು ಪೂಜೆಗೆ ಹೋದರೆ ಏನು ನೋಡಲಿ! ದೀಪಾವಳಿಯ ಸೀರೆ ಉಟ್ಟು, ಸೇವಂತಿಗೆ ಮುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹನುಮಕ್ಕ ಗುಡಿಯ ಅಂಗಳ ಗುಡಿಸುತ್ತಿದ್ದಾಳೆ.

ರುದ್ರಪ್ಪಣ್ಣ ಓಡೋಡಿ ಬಂದರು. "ಏ ಹನುಮಕ್ಕ, ಇವತ್ತು ನಿಂಗೆ ರಜಾ! ಇದಕ್ಕೂ ಡಬಲ್ ಕೊಡ್ಬೇಕೇನಮ್ಮ?"

"ಗಾಬ್ರಿ ಆಗಬ್ಯಾಡ್ರಿ ಅಣ್ಣಾರೆ. ಇದು ಸೇವೆ. ಯಾರೂ ಮಾಡು ಅಂದಿಲ್ಲ ನೋಡ್ರಿ, ಅದಕ್ಕೇ ಮಾಡಾಕತ್ತೀನಿ."

ಆ ಸೋಮವಾರ ನಾನು ಬಸವಣ್ಣನಿಗೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದೆ. ಹನುಮಕ್ಕ ಊರಲ್ಲೇ ಉಳಿದಳು, ಅವನ ಹೆಸರೂ ಉಳಿಯಿತು.

ಹೌದು, ನಿಮ್ಮೂರ ಗುಡಿಯಲ್ಲಿ ಕಸ ಹೊಡೆಯುವವರ ಸಂಬಳದಲ್ಲಿ ದೇವರಿಗೆ ಎಷ್ಟು ಪಾಲು ಹೋಗುತ್ತಿದೆ, ಒಮ್ಮೆಯಾದರೂ ಕೇಳಿದ್ದೀರಾ?