ಚನ್ನಮಲ್ಲಮ್ಮ ಆರಿಸಿದ ಪಿಕಪ್ಪು

ಶಾಗ್ಯದ ಚನ್ನಮಲ್ಲಮ್ಮ ಮೋಟಾರು ಗಾಡಿ ಕೊಳ್ಳಲು ಗಂಡನ ಜೊತೆ ಕೊಯಮತ್ತೂರಿಗೆ ಹೊರಟು ನಿಂತಾಗ ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಎತ್ತು ಆರಿಸುವಾಗಲೂ ಹೆಂಗಸರನ್ನು ಒಂದು ಮಾತು ಕೇಳದ ಊರು ಅದು. "ಅವ್ಳು ಒಪ್ಪುದ್ರೆ ಮನೇಲಿ ನೆಮ್ಮದಿ ಕಣ್ರಪ್ಪ" ಎಂದು ಗಂಡ ಚಿಕ್ಕಮಾದಪ್ಪ ಎಲ್ಲರಿಗೂ ಸಮಜಾಯಿಷಿ ಕೊಟ್ಟ. ಪಾಪ, ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಅವನ ರೋಗ ಎಂದು ಚನ್ನಮಲ್ಲಮ್ಮ ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದಳು.

ಆ ತೀರ್ಮಾನ ಆದದ್ದು ಯುದ್ಧದ ಕಾಲದಲ್ಲಿ. ಆಗ ಅಣ್ಣತಮ್ಮಂದಿರು ಒಟ್ಟಿಗಿದ್ದರು. ಯಜಮಾನಿಕೆ ಗಂಡನ ಅಣ್ಣ ದೊಡ್ಡಮಾದಪ್ಪನದು. ರೇಷ್ಮೆ ಗೂಡು ಸಾಗಿಸುವ ಲಾರಿಯೂ ಅವನು ಹೇಳಿದಂತೆ ಓಡುತ್ತಿತ್ತು. ಪೆಟ್ರೋಲು ಸಿಗದ ದಿನಗಳಾದ್ದರಿಂದ ಅದಕ್ಕೆ ಇದ್ದಿಲ ಒಲೆ ಕಟ್ಟಿಸಿ ಓಡಿಸುತ್ತಿದ್ದರು. ಚನ್ನಮಲ್ಲಮ್ಮ ಚೊಚ್ಚಲ ಹೆರಿಗೆಗೆ ಯಳಂದೂರಿನ ತವರಿಗೆ ಹೋಗಿದ್ದಳು. ಅಲ್ಲಿ ತಾಯಿ ಹಾಸಿಗೆ ಹಿಡಿದದ್ದರಿಂದ ತಿಂಗಳು ತುಂಬುವ ಮೊದಲೇ ಹೆಣ್ಣುಕೂಸನ್ನು ಎತ್ತಿಕೊಂಡು ಹಿಂದಿರುಗಬೇಕಾಯಿತು. ತಂದೆ ಕೊಳ್ಳೇಗಾಲದವರೆಗೆ ಎತ್ತಿನ ಗಾಡಿಯಲ್ಲಿ ತಂದು, ಮನೆಯದೇ ಲಾರಿ ಇದೆಯಲ್ಲ ಎಂದು ಅದರ ಹಿಂದುಗಡೆ ಹತ್ತಿಸಿ ಹೋದ. ಮುಂದೆ ಕೂತಿದ್ದ ದೊಡ್ಡಮಾದಪ್ಪನಿಗೆ ಇದು ಗೊತ್ತಿರಲಿಲ್ಲ. ಕಾಮಗೆರೆಯಲ್ಲಿ ಇದ್ದಿಲು ತುಂಬಲು ಲಾರಿ ನಿಂತಾಗ ಕೂಸು ಅತ್ತಿತು.

ಅವನ ತೊಡೆಯ ಮೇಲೆ ರೇಷ್ಮೆ ಹುಳುವಿನ ಮೊಟ್ಟೆ ಅಂಟಿದ ಹಾಳೆಗಳಿದ್ದವು. ಬಾಣಂತಿಯ ನೆರಳು ಮೊಟ್ಟೆಯ ಮೇಲಾಗಲಿ ಗೂಡಿನ ಮೇಲಾಗಲಿ ಬೀಳಬಾರದು, ಬಿದ್ದರೆ ಹುಳು ಕೊಳೆತು ಸಾಯುತ್ತದೆ ಎಂದು ಹುಳು ಸಾಕುವ ಮನೆಗಳಲ್ಲಿ ಒಂದು ನೇಮ. ಆದರೆ ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕವೂ ಇಲ್ಲ, ಸಾವಿನ ಸೂತಕವೂ ಇಲ್ಲ ಎಂದು ಮಠದ ಜಗುಲಿಯಲ್ಲಿ ಗಂಟಲು ಹರಿಯುವಂತೆ ವಾದಿಸುತ್ತಿದ್ದವನೂ ಇದೇ ದೊಡ್ಡಮಾದಪ್ಪ. ಅವಳು ಅದನ್ನೇ ನೆನಪಿಸಿದಳು.

"ಲಿಂಗ ಕಟ್ಟಿರೋದು ನಮ್ಗೆ ಕಣವ್ವ, ಉಳಕ್ಕೆ ಕಟ್ಟಿದ್ದೀವಾ? ಇಳಿ. ಇಂದ್ಗಡೆ ಯಾವ್ದಾದ್ರೂ ಗಾಡಿ ಬತ್ತದೆ," ಎಂದ.

ಯಾವ ಗಾಡಿಯೂ ಬರಲಿಲ್ಲ. ಸುಡುವ ಬಿಸಿಲಿನಲ್ಲಿ ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಗ್ಯದವರೆಗೆ ನಡೆದಳು. ಕೂಸಿಗೆ ಜ್ವರ ಬಂತು, ವಾರ ಕಳೆಯುವುದರೊಳಗೆ ಹೋಗಿಬಿಟ್ಟಿತು. ಆ ಸಲದ ರೇಷ್ಮೆ ಬೆಳೆ ಮಾತ್ರ ಚೆನ್ನಾಗಿ ಬಂತು. "ನೋಡುದ್ರಾ, ನೇಮ ಕಾಯ್ಕಂಡ್ರೆ ಎಂಗಿರ್ತದೆ," ಎಂದು ದೊಡ್ಡಮಾದಪ್ಪ ಜಗುಲಿಯಲ್ಲಿ ಕೂತು ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ಚಿಕ್ಕಮಾದಪ್ಪ ಅಣ್ಣನ ಎದುರು ತಲೆ ತಗ್ಗಿಸಿಕೊಂಡು ಕೂತಿದ್ದ. ಅವತ್ತು ಅವಳ ಹೊಟ್ಟೆಗೆ ಬಿದ್ದ ಬೆಂಕಿ ಆರಲಿಲ್ಲ. ಆರಲು ಅವಳು ಬಿಡಲೂ ಇಲ್ಲ.

ಆಮೇಲೆ ಮನೆ ಪಾಲಾಯಿತು. ಲಾರಿ ಅಣ್ಣನಿಗೆ ಹೋಯಿತು, ಬಾವಿ ಪಕ್ಕದ ಹಿಪ್ಪುನೇರಳೆ ತೋಟ ತಮ್ಮನಿಗೆ ಬಂತು. ಚನ್ನಮಲ್ಲಮ್ಮನಿಗೆ ಗಂಡುಮಕ್ಕಳೂ ಹುಟ್ಟಿದರು. ಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಗಾಡಿಯ ಮಾತು ತೆಗೆದವಳು ಅವಳೇ. ಗೂಡನ್ನೂ ಬಾಣಂತಿಯನ್ನೂ ಒಟ್ಟಿಗೆ ಹೊರುವ ಗಾಡಿ ಅವಳಿಗೆ ಬೇಕಿತ್ತು. ಬಾವನ ನೇಮವನ್ನು ಬಾವನ ಬೆಳೆಯಿಂದಲೇ ಸುಳ್ಳು ಮಾಡಿ, ಅದನ್ನು ಅವನ ಮುಖದ ಮುಂದೆ ಹಿಡಿಯಬೇಕು ಎಂಬುದೊಂದೇ ಅವಳ ಆಸೆ. ಗಂಡನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಅವತ್ತೇ ಚೊಂಬು ಹಿಡಿದು ಬಯಲಿಗೆ ಓಡುತ್ತಿದ್ದ.

ಕೊಯಮತ್ತೂರಿನಲ್ಲಿ ಮಿಲಿಟರಿಯವರು ಬಿಟ್ಟುಹೋದ ಗಾಡಿಗಳನ್ನು ರಿಪೇರಿ ಮಾಡಿ ಮಾರುವ ಒಂದು ಷೆಡ್ಡು. ಜೊತೆಗೆ ಡ್ರೈವರ್ ಕೆಂಚಯ್ಯನನ್ನೂ ಕರೆತಂದಿದ್ದರು. ಚಿಕ್ಕಮಾದಪ್ಪ ಮೊದಲು ಮರುಳಾದದ್ದು ಸುತ್ತ ತಗಡು ಮುಚ್ಚಿದ ವ್ಯಾನಿಗೆ. ಮಳೆ ಬರಲಿ, ಧೂಳೇಳಲಿ, ಹೆಂಡತಿ ಮಕ್ಕಳು ಒಳಗೆ ಆರಾಮಾಗಿ ಕೂರಬಹುದು. ಚನ್ನಮಲ್ಲಮ್ಮ ಒಳಗೆ ಕೂತು ಬಾಗಿಲು ಹಾಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಇಳಿದಳು.

"ನಾನೇ ಬೆಂದೋದೆ. ಇನ್ನು ಗೂಡು ಉಳ್ಕತದಾ?" ಎಂದಳು. ಗೂಡಿನೊಳಗೆ ಹುಳು ಜೀವಂತ ಇರುತ್ತದೆ. ಗಾಳಿಯಾಡದೆ ಬೆವತರೆ ಗೂಡೆಲ್ಲ ಕಲೆ.

ಎರಡನೆಯದು ಲಾರಿ. ಗೂಡಿನ ಬುಟ್ಟಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಹೆಂಗಸು ಹತ್ತಬೇಕಾದರೆ ಸೀರೆ ಮೊಣಕಾಲಿಗೆ ಬರಬೇಕು. ಅವಳು ಅದನ್ನು ತಲೆಯೆತ್ತಿ ನೋಡಿ, ಮುಂದೆ ಹೋದಳು.

ಮೂಲೆಯಲ್ಲಿ ನಿಂತಿದ್ದ ಮೂರನೆಯ ಗಾಡಿಗೆ ಷೆಡ್ಡಿನವರು ಪಿಕಪ್ಪು ಎನ್ನುತ್ತಿದ್ದರು. ಮುಂದೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಸೀಟು. ಹಿಂದೆ ಮರದ ಪಟ್ಟಿ ಹೊಡೆದ ಪಕ್ಕೆಗಳು, ನಡುವೆ ಗಾಳಿ ಓಡಾಡುವಷ್ಟು ಸಂದು, ಮೇಲೆ ಸುತ್ತಿಡಬಹುದಾದ ಟಾರ್ಪಾಲು. ಎರಡೂ ಕಡೆಯ ಬೆಂಚನ್ನು ಎತ್ತಿ ಕಟ್ಟಿದರೆ ಗೂಡಿನ ಬುಟ್ಟಿ ಹಿಡಿಸುತ್ತದೆ, ಇಳಿಸಿದರೆ ನೆಂಟರಿಷ್ಟರೆಲ್ಲ ಕೂರಬಹುದು. ಚನ್ನಮಲ್ಲಮ್ಮ ಮುಂದಿನ ಸೀಟು ಹತ್ತಿದಳು. ಕೆಂಚಯ್ಯನನ್ನು ಚಕ್ರದ ಮುಂದೆ ಕೂರಿಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಮಡಿಲಿಗೆ ತಮ್ಮ ಬಟ್ಟೆಗಂಟು ಹಾಕಿದಳು. ತೋಳು ಅಲುಗಾಡಿಸಿ ನೋಡು ಎಂದಳು. ಕೂಸು ಎತ್ತಿಕೊಂಡವರಂತೆ ಗಂಟನ್ನು ತೂಗಿದ ಚಿಕ್ಕಮಾದಪ್ಪನನ್ನು ಕಂಡು ಷೆಡ್ಡಿನವನಿಗೆ ನಗು ತಡೆಯಲಾಗಲಿಲ್ಲ.

"ಇಂಜಿನ್ ಪಾಕ್ಕಲಿಯಾ ಅಮ್ಮಾ?" ಎಂದು ತಮಿಳಿನಲ್ಲಿ ಕೇಳಿದ.

"ಇಂಜಿನ್ನ ಕೆಂಚಯ್ಯ ನೋಡ್ತಾನೆ. ನಂಗೆ ಇದೇ ಇರ್ಲಿ," ಎಂದಳು.

ಊರಿಗೆ ಬಂದ ಮೇಲೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಇವತ್ತು ಗೂಡು, ನಾಳೆ ಮದುವೆ ದಿಬ್ಬಣ, ಎಂಥ ಉಪಾಯದ ಗಾಡಿ! ಚಿಕ್ಕಮಾದಪ್ಪ ತಾನೇ ಆರಿಸಿದಂತೆ ಮೀಸೆ ತಿರುವಿದ. ಬಾಣಂತಿಯನ್ನು ಗೂಡಿನ ಜೊತೆ ಹತ್ತಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಚನ್ನಮಲ್ಲಮ್ಮನೂ ಆ ಮಾತು ಎತ್ತಲಿಲ್ಲ, ಕಾದಳು.

ದೊಡ್ಡಮಾದಪ್ಪನ ಸೊಸೆ ಶಿವರತ್ನಮ್ಮನ ತವರೂ ಯಳಂದೂರೇ. ಅವಳು ಅಲ್ಲಿ ಗಂಡು ಹೆತ್ತ ಸುದ್ದಿ ಬಂತು. ಅದೇ ಹೊತ್ತಿಗೆ ದೊಡ್ಡಮಾದಪ್ಪನ ಲಾರಿ ಅಚ್ಚು ಮುರಿದುಕೊಂಡು ಹನೂರಿನಲ್ಲಿ ಬಿದ್ದಿತ್ತು. ಮೊಟ್ಟೆ ಹಾಳೆ ತರಲು ಅವನು ಮಗ ಸದಾಶಿವಪ್ಪನನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಕಳಿಸಿದ. ವಿಷಯ ಕಿವಿಗೆ ಬಿದ್ದದ್ದೇ ತಡ, ಚನ್ನಮಲ್ಲಮ್ಮ ಪಿಕಪ್ಪು ಹೊರಡಿಸಿಕೊಂಡು ಯಳಂದೂರಿಗೆ ಹೋದಳು. ಚಿಕ್ಕತ್ತೆಯೇ ಮನೆ ಬಾಗಿಲಿಗೆ ಬಂದು ಕರೆದರೆ ಬೀಗರು ಬೇಡ ಎನ್ನುವುದುಂಟೇ? ಬಾಣಂತಿಯನ್ನೂ ಕೂಸನ್ನೂ ಮುಂದೆ ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ಬಂದು ಸದಾಶಿವಪ್ಪನ ಎದುರು ಗಾಡಿ ನಿಲ್ಲಿಸಿದಳು. ಹೆಂಡತಿ ಮಗನನ್ನು ಕಂಡು ಅವನ ಬಾಯಿ ಕಿವಿಯವರೆಗೆ ಹಿಗ್ಗಿತು. ಅವನ ಕೈಯಿಂದ ಮೊಟ್ಟೆ ಹಾಳೆ ತೆಗೆದುಕೊಂಡು ಚನ್ನಮಲ್ಲಮ್ಮ ಶಿವರತ್ನಮ್ಮನ ಮಡಿಲಲ್ಲಿಟ್ಟಳು.

"ಚಿಕ್ಕವ್ವ, ಅಪ್ಪಯ್ಯ ಸುಮ್ಕಿರಾಕಿಲ್ಲ," ಎಂದು ಅವನು ತೊದಲಿದ.

"ನಿಮ್ಮಪ್ಪಯ್ಯನ್ಗೆ ನಾನ್ ಏಳ್ತೀನಿ. ಇಂದ್ಗಡೆ ಅತ್ಕೊ," ಎಂದಳು.

ಶಾಗ್ಯದಲ್ಲಿ ದೊಡ್ಡಮಾದಪ್ಪನ ಬಾಗಿಲಿಗೇ ಗಾಡಿ ಬಂತು. ಒಂದೇ ಮಡಿಲಿನಲ್ಲಿ ಮೊಮ್ಮಗನನ್ನೂ ಮೊಟ್ಟೆಯನ್ನೂ ಕಂಡು ಅವನ ಮುಖ ಬೂದಿಯಾಯಿತು. ಅಕ್ಕಪಕ್ಕದವರು ಸೇರಿದರು.

"ಎರಡ್ನೂ ಒಟ್ಗೆ ತಂದೀನಿ ಬಾವ. ಯಾವ್ದುನ್ನ ಇಳಿಸ್ತೀರಿ, ಯಾವ್ದುನ್ನ ಇಟ್ಕತೀರಿ?"

"ಆಳಾಯ್ತು ಬೆಳೆ! ಈ ಮೊಟ್ಟೆ ಬೆಂಕಿಗಾಕ್ಬೇಕು," ಎಂದು ಅವನು ಕೂಗಾಡಿದ.

"ಸಾಕಿ ನೋಡಿ. ಉಳ ಸತ್ರೆ ಈ ಪಿಕಪ್ಪು ನಿಮ್ದು. ಎಲ್ರೂ ಕೇಳುಸ್ಕಳಿ."

ಚಿಕ್ಕಮಾದಪ್ಪ ಹೆಂಡತಿಯ ಸೆರಗು ಜಗ್ಗಿದ, ಅವಳು ತಿರುಗಿ ನೋಡಲಿಲ್ಲ. ದೊಡ್ಡಮಾದಪ್ಪನ ಕಣ್ಣು ಗಾಡಿಯನ್ನು ಒಂದು ಸುತ್ತು ಹಾಕಿ ಬಂತು. ಒಪ್ಪಿಕೊಂಡ. ಗಾಡಿಯ ಆಸೆಗೆ ಬೇಕೆಂದೇ ಹುಳುವನ್ನು ಸಾಯಿಸಿದರೆ ಗತಿಯೇನು ಎಂದು ಗಂಡ ಗೋಳಾಡಿದಾಗ ಅವಳು ನಕ್ಕುಬಿಟ್ಟಳು. ಬಾವನನ್ನು ಅವಳು ಬಲ್ಲಳು. ಹಾಲುಗೂಸನ್ನು ಬಿಸಿಲಿಗೆ ಇಳಿಸಿದ ಆ ಕೈಯಿಂದ ಒಂದು ಹುಳುವನ್ನು ಉಪವಾಸ ಕೆಡವಲು ಆಗುತ್ತಿರಲಿಲ್ಲ.

ಆ ತಿಂಗಳು ಅವಳಷ್ಟು ಭಕ್ತಿಯಿಂದ ಶತ್ರುವಿನ ಒಳ್ಳೆಯದನ್ನು ಬಯಸಿದವರು ಇನ್ನೊಬ್ಬರಿರಲಾರರು. ದಿನಾ ಬೆಳಿಗ್ಗೆ ಸದಾಶಿವಪ್ಪನನ್ನು ಕರೆದು ಹುಳುವಿನ ಕ್ಷೇಮ ವಿಚಾರಿಸುವಳು. ಅವರ ತೋಟದಲ್ಲಿ ಸೊಪ್ಪು ಸಾಲದಾದಾಗ ತನ್ನ ತೋಟದ ಎಳೆ ಸೊಪ್ಪನ್ನೇ ಕೊಯ್ಯಿಸಿ ಕಳಿಸಿದಳು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಪ್ರತಿ ಜ್ವರದಿಂದಲೂ ಬಾವನ ಹುಳು ಎದ್ದವೆಂದು ಕೇಳಿದಾಗ ಅವಳಿಗೆ ಸಂತೋಷವೂ ಆಗುತ್ತಿತ್ತು, ಏಳದೇ ಹೋದ ತನ್ನ ಕೂಸಿನ ನೆನಪಾಗಿ ಹಲ್ಲು ಕಚ್ಚಿಕೊಳ್ಳುವಂತೆಯೂ ಆಗುತ್ತಿತ್ತು. ಅಣ್ಣತಮ್ಮಂದಿರ ಮನೆ ಒಂದಾಗುತ್ತಿದೆ ಎಂದು ಚಿಕ್ಕಮಾದಪ್ಪ ಕಣ್ಣೊರೆಸಿಕೊಂಡ.

ಬೆಳೆ ಬಂತು. ಅಂಥ ಬೆಳೆ ದೊಡ್ಡಮಾದಪ್ಪನ ಮನೆ ಕಂಡಿರಲಿಲ್ಲ. ಹುಳು ಗೂಡು ಕಟ್ಟುವ ಬಿದಿರು ತಟ್ಟಿಯ ಚಂದ್ರಂಕಿಗಳ ಸುತ್ತುಗಳಲ್ಲೆಲ್ಲ ಹಳದಿ ಗೂಡು ಒತ್ತೊತ್ತಾಗಿ ಕಟ್ಟಿತ್ತು. ನೋಡಲು ಬಂದವರ ನಡುವೆ ಅವನು ಹಿಗ್ಗಿ ನಿಂತಿದ್ದಾಗ ಚನ್ನಮಲ್ಲಮ್ಮ ಅಂಗಳಕ್ಕೆ ಬಂದಳು.

"ಬಾಣ್ತಿ ಮಡ್ಲಲ್ಲಿ ಬಂದ ಮೊಟ್ಟೆ ಇದು. ಒಂದ್ ಉಳಾನೂ ಸಾಯ್ನಿಲ್ಲ. ಅಂಗಾರೆ ಬಾವ, ನನ್ ಮಗ್ಳು ಯಾಕ್ ಸತ್ಲು?"

ದೊಡ್ಡಮಾದಪ್ಪ ಚಂದ್ರಂಕಿಯನ್ನು ಗೋಡೆಗೆ ಒರಗಿಸಿ ಅವಳ ಕಡೆ ತಿರುಗಿದ. "ತಪ್ಪಾಯ್ತು ಕಣವ್ವ," ಎಂದ.

"ನಾನ್ ಕೇಳಿದ್ದು ಅದಲ್ಲ," ಎಂದು ಅವಳು ಹೊರಟುಹೋದಳು.

ಅವನು ಮುಂದಿನ ಬೆಳೆಯ ಗೂಡು ಬಿಡಿಸುವ ದಿನವೂ ಅವಳು ಬಂದಳು. ಅದೇ ಅಂಗಳ, ಅದೇ ಪ್ರಶ್ನೆ. ಅದರ ಮುಂದಿನ ಬೆಳೆಗೂ ಬಂದಳು. ಊರಿನ ಬಾಣಂತಿಯರೆಲ್ಲ ಆ ಹೊತ್ತಿಗೆ ಗೂಡಿನ ಬುಟ್ಟಿ ಒರಗಿಕೊಂಡೇ ಪಿಕಪ್ಪಿನಲ್ಲಿ ಓಡಾಡುತ್ತಿದ್ದರು.

"ಸಾಕು ಬುಡಮ್ಮಿ, ಅಣ್ಣಯ್ಯನ್ಗೆ ವಯಸ್ಸಾಯ್ತು," ಎಂದು ಚಿಕ್ಕಮಾದಪ್ಪ ಅಂಗಲಾಚಿದ.

"ನನ್ ಮಗ್ಳಿಗೂ ವಯಸ್ಸಾಗ್ಬೇಕಾಗಿತ್ತು," ಎಂದಳು.

ಕೊನೆಗೊಂದು ಬೆಳಿಗ್ಗೆ ದೊಡ್ಡಮಾದಪ್ಪ ಹುಳು ಸಾಕುವುದೇ ಬೇಡವೆಂದು ಹಿಪ್ಪುನೇರಳೆ ಗಿಡಗಳನ್ನೆಲ್ಲ ಬೇರು ಸಹಿತ ಕೀಳಿಸಿ, ರಾಗಿಗೆಂದು ನೇಗಿಲು ಹೂಡಿಸಿದ. ಚನ್ನಮಲ್ಲಮ್ಮ ಬದುವಿನ ಮೇಲೆ ನಿಂತು ಕಡೆಯ ಸಾಲು ಮುಗಿಯುವವರೆಗೂ ನೋಡಿದಳು. ಆಮೇಲೆ ಮನೆಗೆ ಬಂದು ಕೈಕಾಲು ತೊಳೆದು, ಹೊಟ್ಟೆ ತುಂಬ ಉಂಡಳು.